ಕಣ್ಣಿಗೊಂದು ಗಂಟು
ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಗಂಗೊಳ್ಳಿ, ಮರವಂತೆ, ಕೋಡಿಬೆಂಗ್ರೆಯ ಕಡೆ ಬಲೆ ರಿಪೇರಿಗೆ ಇದೇ ಪುರಸೊತ್ತು. ಬೋಟಿನ ದೊಡ್ಡ ಬಲೆಗಳು ಈಗ ಯಂತ್ರದಲ್ಲೇ ತಯಾರಾಗುತ್ತವೆ. ಹರಿದದ್ದನ್ನು ಕೂಡಿಸಲು ಮಾತ್ರ ಕೈಯೇ ಬೇಕು.

ಹೊಳೆಬದಿಯ ಬೀಸುಬಲೆಯಲ್ಲಿ ಈ ಕೈಚಳಕ ಪೂರ್ತಿ ಕಾಣುತ್ತದೆ. ನೂಲು ಸುತ್ತಿದ ಚಪ್ಪಟೆ ಸೂಜಿ, ಬಲೆಯ ಕಣ್ಣಿನ ಅಳತೆಗೊಂದು ಬಿದಿರಿನ ಪಟ್ಟಿ: ಸಲಕರಣೆ ಇಷ್ಟೇ. ನೆತ್ತಿಯಲ್ಲಿ ಕೆಲವೇ ಕಣ್ಣು. ಸುತ್ತು ಇಳಿದಂತೆ ನಡುನಡುವೆ ಹೆಚ್ಚುವರಿ ಕಣ್ಣು ಸೇರಿಸಿ ಅಗಲ ಮಾಡುತ್ತಾರೆ. ಸ್ವೆಟರ್ ಹೆಣೆಯುವವರ ಲೆಕ್ಕವೂ ಇದೇ. ಆದರೆ ಉಣ್ಣೆಯ ಒಂದು ಕುಣಿಕೆ ಜಾರಿದರೆ ಕೆಳಗಿನವೂ ಬಿಚ್ಚುತ್ತವೆ. ಬಲೆಯಲ್ಲಿ ಒಂದು ಕಣ್ಣು ಹರಿದರೂ ಪಕ್ಕದ್ದು ಗಂಟಿನ ಬಲದಲ್ಲಿ ನಿಲ್ಲುತ್ತದೆ. ಅಂದಕ್ಕೆ ಸ್ವೆಟರ್ ಇರಲಿ, ಗಟ್ಟಿತನಕ್ಕೆ ಬಲೆಯದೇ ಮೇಲುಗೈ.

ವಿದ್ಯೆ ಹಳೆಯದು. 1913ರಲ್ಲಿ ಆಗಿನ ಫಿನ್ಲೆಂಡಿನ ಆಂಟ್ರಿಯಾದಲ್ಲಿ ಸಿಕ್ಕ ವಿಲೋ ನಾರಿನ ಬಲೆಗೆ ಸುಮಾರು 10,000 ವರ್ಷ.

ಹತ್ತಿ ನೂಲಿನ ಕಾಲದಲ್ಲಿ ಬಲೆ ಕೊಳೆಯದಂತೆ ತೊಗಟೆಯ ಕಷಾಯದಲ್ಲಿ ಅದ್ದಬೇಕಿತ್ತು. ನೈಲಾನ್ ಬಂದು ಆ ಕೆಲಸ ತಪ್ಪಿತು. ಒಂಟಿ ಎಳೆಯ ತೆಳು ನೈಲಾನ್, ಅಂದರೆ ತಂಗೂಸು, ಮೀನಿಗೆ ಅಷ್ಟಾಗಿ ಕಾಣದು, ಆದರೆ ಗಂಟು ಜಾರುತ್ತದೆ. ಹೊಸದಾಗಿ ಕಲಿಯುವವರಿಗೆ ಹೊಸೆದ ನೈಲಾನ್ ದಾರವೇ ವಾಸಿ. ಅಂಚಿಗೆ ಸೀಸದ ಗುಂಡು ಪೋಣಿಸಿದರೆ ಹೆಣಿಗೆ ಮುಗಿಯಿತು. ದುಂಡಗೆ ಬೀಸುವುದು ಬೇರೆಯೇ ಪಾಠ.