ವರದಿ ಊರಿಗೂ ಬರಲಿ

ವಿಶ್ವವಿದ್ಯಾಲಯ ಹಳ್ಳಿಗೆ ಬಂತೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಎನ್‌ಎಸ್‌ಎಸ್ ಶಿಬಿರ. ಗಾಂಧಿ ಶತಮಾನೋತ್ಸವದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಏಳು ದಿನ ಚರಂಡಿ ಶುಚಿ, ಶ್ರಮದಾನ, ಸಂಜೆ ಉಪನ್ಯಾಸ, ನಾಟಕ. ಹುಡುಗರ ದುಡಿಮೆಯಲ್ಲಿ ಸುಳ್ಳಿಲ್ಲ. ಆದರೂ ಅಲ್ಲಿ ಕೊಡುವವರು ಕಾಲೇಜಿನವರು, ಪಡೆಯುವವರು ಊರಿನವರು.

ಕೃಷಿ ವಿಶ್ವವಿದ್ಯಾಲಯಗಳ ಗ್ರಾಮೀಣ ಕಾರ್ಯಾನುಭವ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪದವಿಯ ಕೊನೆಯ ವರ್ಷ ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲೇ ಉಳಿಯುತ್ತಾರೆ. ಒಬ್ಬೊಬ್ಬರನ್ನು ಒಂದೊಂದು ರೈತ ಕುಟುಂಬಕ್ಕೆ ಒಪ್ಪಿಸುತ್ತಾರೆ. ಕಳೆ ಕೀಳುವುದು, ಹಾಲು ಕರೆಯುವುದು ಕಲಿಯುವುದು ಅಲ್ಲೇ. ಹುಡುಗಿಯೊಬ್ಬಳು ಬೆಲ್ಲದ ನೀರಲ್ಲಿ ಜೈವಿಕ ಗೊಬ್ಬರ ಕಲಸಿ ತೊಗರಿ ಬೀಜಕ್ಕೆ ಸವರಿ ನೆರಳಲ್ಲಿ ಹರವಿದರೆ, ಮನೆಯ ಅಜ್ಜಿ ಬೂದಿ ಬೆರೆಸಿ ಬಿತ್ತನೆ ಕಾಳು ಕಾಪಿಡುವ ಬಗೆ ಹೇಳಿಕೊಡುತ್ತಾರೆ. ಯಾರು ಗುರು, ಯಾರು ಶಿಷ್ಯ ಎಂಬುದು ಗಳಿಗೆಗಳಿಗೆಗೂ ಬದಲಾಗುತ್ತದೆ.

ಇದರ ಅತ್ಯುತ್ತಮ ಭಾಗ ಗ್ರಾಮ ಸಮೀಕ್ಷೆ. ದೇವಸ್ಥಾನದ ಮುಂದಿನ ಬಯಲಲ್ಲಿ ಬಣ್ಣದ ರಂಗೋಲಿಪುಡಿಯಿಂದ ಇಡೀ ಊರನ್ನೇ ಬಿಡಿಸುತ್ತಾರೆ: ಕೆರೆ, ಕಾಲುವೆ, ಗೋಮಾಳ, ಓಣಿ. ಸುತ್ತ ನಿಂತವರು ಸುಮ್ಮನಿರುವುದಿಲ್ಲ. ‘ಆ ಹಳ್ಳ ಅಲ್ಲಿ ತಿರುಗಲ್ಲಪ್ಪ’ ಎಂದು ಹಿರಿಯರು ತಿದ್ದುತ್ತಾರೆ. ಬತ್ತಿದ ಬೋರ್‌ವೆಲ್ ಎಲ್ಲೆಲ್ಲಿವೆ ಎಂದು ಬೆರಳು ಮಾಡಿ ತೋರುತ್ತಾರೆ. ಊರು ತನ್ನ ತಿಳಿವಳಿಕೆಯನ್ನೆಲ್ಲ ನೆಲದ ಮೇಲೆ ಹರಡುವ ಹೊತ್ತು ಅದು.

ಆಮೇಲೆ? ನಕ್ಷೆ ಕಾಗದಕ್ಕೆ ಇಳಿದು, ಫೋಟೋ ಅಂಟಿ, ವರದಿಯಾಗಿ ಕಾಲೇಜಿಗೆ ಹೋಗುತ್ತದೆ. ಅಂಕ ಹಾಕುವವರು ಅಧ್ಯಾಪಕರು. ಮುಂದಿನ ತಂಡ ಬೇರೆ ಊರಿಗೆ ಹೋಯಿತೆಂದರೆ ಹಿಂದಿನ ಊರಿನ ಪ್ರಶ್ನೆಗಳು ಅಲ್ಲೇ ನಿಲ್ಲುತ್ತವೆ. ನನ್ನ ತಕರಾರು ಇರುವುದೇ ಇಲ್ಲಿ. ಬೋರ್‌ವೆಲ್ ಬತ್ತಿದ್ದನ್ನು ಹೇಳಿದ ರೈತನಿಗೆ, ಹಾಗಾದರೆ ಕಡಿಮೆ ನೀರಿನಲ್ಲಿ ಏನು ಬೆಳೆಯಬಹುದು ಎಂಬ ಉತ್ತರ ಸಿಗಬೇಕಲ್ಲವೇ?

ಪಟ್ಟುಹಿಡಿದು ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ವರ್ಷಗಟ್ಟಲೆ ಒಂದೇ ಬೆಳೆಗೆ ಅಂಟಿಕೊಂಡು, ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವು ಒಂದು ಋತುವಿನ ಭೇಟಿಯಿಂದ ಹುಟ್ಟಿದವಲ್ಲ.

ವಿದ್ಯಾರ್ಥಿಗಳು ವರ್ಷವರ್ಷವೂ ಬದಲಾಗಲಿ, ಊರು ಐದಾರು ವರ್ಷ ಅದೇ ಇರಲಿ. ವರದಿಯ ಒಂದು ಪ್ರತಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಬರಲಿ, ಗ್ರಾಮಸಭೆಯಲ್ಲಿ ಅದನ್ನು ಓದಲಿ. ಮಗುವಿನಂತೆ ನೋಡಿಕೊಂಡ ಮನೆಯವರ ಮಾತಿಗೂ ಅಂಕಪಟ್ಟಿಯಲ್ಲಿ ಬೆಲೆಯಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕಾರ್ಯಾನುಭವದ ನಿಯಮದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.