ಶಸ್ತ್ರವೈದ್ಯರ ಚಿತ್ರ ನೋಡಿದ ಮೇಲೆ ಏನು ಕೇಳಬೇಕು?

ಶಸ್ತ್ರವೈದ್ಯರ ಜೀವನವನ್ನು ಹೇಳುವ ಚಲನಚಿತ್ರ ನೋಡಿ ಹೊರಬಂದವರ ಮಾತುಗಳನ್ನು ನೀವು ಗಮನಿಸಿರಬಹುದು. ‘ಎಂಥ ತ್ಯಾಗ!’, ‘ದೇವರಂಥ ಮನುಷ್ಯ’, ‘ಮನಸ್ಸು ಮಾಡಿದರೆ ಯಾರೂ ಹೀಗಾಗಬಹುದು’. ಬಳ್ಳಾರಿಯ ಪಕ್ಕದ ಹಲಕುಂದಿಯೇ ಇರಲಿ, ಬೆಂಗಳೂರೇ ಇರಲಿ, ಪ್ರತಿಕ್ರಿಯೆಗಳು ಹೆಚ್ಚಾಗಿ ಈ ಮೂರರ ಸುತ್ತಲೇ ಸುಳಿಯುತ್ತವೆ. ‘ಗಾಯ ಕೀವಾಗದಂತೆ ಆಗ ಏನು ಮಾಡುತ್ತಿದ್ದರು?’ ಎಂದು ಕೇಳುವವರು ವಿರಳ. ಇದು ನೋಡುಗರ ಕೊರತೆಯೇ, ಚಿತ್ರದ ಕೊರತೆಯೇ? ನಮ್ಮ ಗಡಿಯಾಚೆಗಿನ ನೆರೆಯೂರಿನ ಶಸ್ತ್ರವೈದ್ಯರೊಬ್ಬರನ್ನು ಕುರಿತ ಹಳೆಯ ಚಿತ್ರವೊಂದನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಚಿತ್ರದ ಹೆಸರು ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’. 1946ರಲ್ಲಿ ತೆರೆಕಂಡ ಇದರ ನಿರ್ದೇಶಕರು ವಿ. ಶಾಂತಾರಾಂ. ಕೋಟ್ನಿಸರ ಪಾತ್ರವೂ ಅವರದೇ. ಕೆ. ಎ. ಅಬ್ಬಾಸ್ ಬರೆದ ಪುಸ್ತಕ ಇದಕ್ಕೆ ಆಧಾರ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ಸೊಲ್ಲಾಪುರದಲ್ಲಿ. ಸಿದ್ಧರಾಮನ ಸೊನ್ನಲಿಗೆ ಎಂದು ನಾವು ಬಲ್ಲ, ಇಂದಿಗೂ ಕನ್ನಡ ಕೇಳಿಬರುವ ಊರು ಅದು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಮುಗಿಸಿದ ಕೋಟ್ನಿಸ್, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಒಬ್ಬರು. ಉಳಿದ ನಾಲ್ವರು ಮರಳಿದರು. ಕೋಟ್ನಿಸ್ ಅಲ್ಲಿಯೇ ಉಳಿದು, 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ಸಂಗತಿಯೇ ಒಂದು ಚಿತ್ರಕ್ಕೆ ಸಾಕು ಎನಿಸುವುದಿಲ್ಲವೆ? ಆದರೆ ಚಿತ್ರಕಥೆಗೆ ಇದು ಸಾಲಲಿಲ್ಲ. ತೆರೆಯ ಮೇಲಿನ ಕೋಟ್ನಿಸರ ಬಹುದೊಡ್ಡ ಸಾಧನೆ ಶಸ್ತ್ರಕ್ರಿಯೆಯಲ್ಲ; ಭೀಕರವಾಗಿ ಹರಡುತ್ತಿರುವ ಪ್ಲೇಗಿಗೆ ಮದ್ದು ಕಂಡುಹಿಡಿಯುವುದು! ನೋಡುಗರು ಮೈಮರೆಯುವುದೂ ಅಲ್ಲಿಯೇ.

ವಿಜ್ಞಾನ ಓದುವವರು ಇಲ್ಲಿ ತುಸು ನಿಲ್ಲಬೇಕು. ಪ್ಲೇಗಿನ ಇತಿಹಾಸ ನಮಗೆ ತಿಳಿಯದ್ದೇನಲ್ಲ. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ಕರ್ನಾಟಕದ ಎಷ್ಟೋ ಮನೆಗಳ ಹಿರಿಯರು ಹೇಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ರೋಗದ ಬ್ಯಾಕ್ಟೀರಿಯವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಹಾಫ್‌ಕಿನ್ ಮುಂಬಯಿಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಆದರೆ ಲಸಿಕೆಯೇ ಬೇರೆ, ಮದ್ದೇ ಬೇರೆ. ಲಸಿಕೆ ರೋಗ ಬಾರದಂತೆ ತಡೆಯುತ್ತದೆ; ಮದ್ದು ಬಂದ ರೋಗವನ್ನು ಗುಣಪಡಿಸುತ್ತದೆ. ಪ್ಲೇಗಿನ ಚಿಕಿತ್ಸೆಗೆ ಮೊದಲು ಆಸರೆಯಾದವು ಸಲ್ಫಾ ಮದ್ದುಗಳು. ಅವುಗಳಿಗಿಂತ ಪ್ರಬಲವಾದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಲ್ಪಟ್ಟಿದ್ದು ಅಮೆರಿಕದ ಪ್ರಯೋಗಾಲಯದಲ್ಲಿ, 1943ರಲ್ಲಿ. ಅಂದರೆ ಕೋಟ್ನಿಸ್ ತೀರಿಕೊಂಡ ಮರುವರ್ಷ. ಈ ಇಸವಿಗಳ ನಡುವೆ ಕೋಟ್ನಿಸರ ಪ್ಲೇಗು ಮದ್ದಿಗೆ ಜಾಗವೇ ಇಲ್ಲ. ಅದು ಚಿತ್ರಕ್ಕಾಗಿ ಹುಟ್ಟಿದ್ದು.

ಹಾಗಾದರೆ ನಿಜವಾದ ಕೋಟ್ನಿಸ್ ಏನು ಮಾಡಿದರು? ಯುದ್ಧದ ಬೆನ್ನಿಗೇ ನಡೆದು ಗಾಯಾಳುಗಳ ಮೇಲೆ ಶಸ್ತ್ರಕ್ರಿಯೆ ಮಾಡಿದರು. 1940ರ ಒಂದು ದೀರ್ಘ ಕದನದಲ್ಲಿ 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಕೆಲಸ ಮಾಡಿದರು, ಆ ಕದನದಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು ಎಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಚೀನೀ ಭಾಷೆ ಕಲಿತರು. ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅವರನ್ನು ಬಲಿ ತೆಗೆದುಕೊಂಡದ್ದು ಅಪಸ್ಮಾರ.

ಆ ಆಸ್ಪತ್ರೆಗೆ ಯಾರ ಹೆಸರಿದೆಯೋ ಆ ಬೆಥೂನರ ಸಾವನ್ನೂ ಇಲ್ಲಿ ನೆನೆಯಬೇಕು. ಕೆನಡದ ಈ ಶಸ್ತ್ರವೈದ್ಯ 1939ರ ನವೆಂಬರಿನಲ್ಲಿ ಸತ್ತದ್ದು ಗುಂಡೇಟಿನಿಂದಲ್ಲ. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ, ನಂಜು ರಕ್ತಕ್ಕೇರಿತು. ಪೆನಿಸಿಲಿನ್ ರೋಗಿಗಳ ಮೇಲೆ ಮೊದಲು ಪರೀಕ್ಷೆಗೊಂಡದ್ದು 1941ರಲ್ಲಿ. ಅದಕ್ಕೆ ಮುಂಚೆ ಶಸ್ತ್ರವೈದ್ಯನ ಬೆರಳಿನ ಒಂದು ಗೀರೂ ಅವನಿಗೆ ಮರಣಪತ್ರವಾಗಬಹುದಿತ್ತು. ಪ್ಲೇಗಿನ ಕಲ್ಪಿತ ಕಥೆಗಿಂತ ಇದೇನು ಕಡಿಮೆ ರೋಚಕವೆ?

ಆದರೂ ಚಿತ್ರಗಳು ಕಲ್ಪನೆಗೇ ಮೊರೆಹೋಗುವುದೇಕೆ? ಒಂದು ಕಾರಣ ನಾವೇ, ನೋಡುಗರು. ನಮಗೆ ಒಬ್ಬ ನಾಯಕ, ಒಂದು ಗಳಿಗೆ, ಒಂದು ಗೆಲುವು ಬೇಕು. ಎಂಟುನೂರು ಗಾಯಗಳನ್ನು ಒಂದಾದ ಮೇಲೊಂದರಂತೆ ತೊಳೆದು ಹೊಲಿಯುವುದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಹೊಸ ಮದ್ದಿಗೆ ಬೀಳುತ್ತದೆ. ಹೀಗಾಗಿ ಶಸ್ತ್ರವೈದ್ಯ ತೆರೆಗೆ ಬರುವ ಹೊತ್ತಿಗೆ ಸಂಶೋಧಕನಾಗಿಬಿಡುತ್ತಾನೆ.

ಇದು ಹಳೆಯ ಚಿತ್ರಗಳ ಕಥೆ ಮಾತ್ರ ಎನ್ನಬೇಡಿ. ಅಮೆರಿಕದ ನರಶಸ್ತ್ರವೈದ್ಯ ಬೆನ್ ಕಾರ್ಸನ್ ಅವರನ್ನು ಕುರಿತ ‘ಗಿಫ್ಟೆಡ್ ಹ್ಯಾಂಡ್ಸ್’ ಬಂದದ್ದು 2009ರಲ್ಲಿ. ತಲೆಯ ಹಿಂಭಾಗ ಅಂಟಿಕೊಂಡೇ ಹುಟ್ಟಿದ್ದ ಜರ್ಮನಿಯ ಅವಳಿಗಳನ್ನು 1987ರಲ್ಲಿ ಬೇರ್ಪಡಿಸಿದ್ದು ಅದರ ಶಿಖರ. ಮಕ್ಕಳ ದೇಹವನ್ನು ತಂಪುಮಾಡಿ, ಹೃದಯವನ್ನು ನಿಲ್ಲಿಸಿ, ರಕ್ತಹರಿವಿಲ್ಲದ ಹೊತ್ತಿನಲ್ಲಿ ರಕ್ತನಾಳಗಳನ್ನು ಸರಿಪಡಿಸುವ ಕ್ರಮ ಅದು. ತಂಪಾದ ಜೀವಕೋಶಕ್ಕೆ ಆಕ್ಸಿಜನ್ ಕಡಿಮೆ ಸಾಕು ಎಂಬ ಸರಳ ಶರೀರಕ್ರಿಯಾ ತತ್ವವೇ ಇದರ ಬುನಾದಿ. ಸುಮಾರು 70 ಜನರ ತಂಡ 22 ಗಂಟೆ ದುಡಿಯಿತು. ಚಿತ್ರ ಮುಗಿಯುವುದು ಗೆಲುವಿನಲ್ಲಿ. ಆದರೆ ಮುಂದೇನಾಯಿತು? ಮಕ್ಕಳಿಬ್ಬರೂ ಶಸ್ತ್ರಕ್ರಿಯೆಯಿಂದ ಬದುಕಿ ಬಂದರೂ ಮಿದುಳಿಗೆ ತೀವ್ರ ಹಾನಿಯಾಗಿ, ಸಹಜ ಬಾಳು ಅವರಿಗೆ ದಕ್ಕಲಿಲ್ಲ. ಚಿತ್ರ ನೋಡಿದ ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಟಿವಿ ಕಡಿಮೆ ಮಾಡಿಸಿ ಪುಸ್ತಕ ಓದಿಸಿದ ತಾಯಿ ಮತ್ತು ನಾಯಕನ ಎರಡು ಕೈಗಳು. ಉಳಿದ ನೂರಾರು ಕೈಗಳೂ ಆ ಇಬ್ಬರು ಮಕ್ಕಳ ಮುಂದಿನ ಬದುಕೂ ನೆನಪಿನಿಂದ ಜಾರುತ್ತವೆ.

ಇದರಿಂದ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಎರಡು ಬಗೆಯದು. ಮೊದಲನೆಯದು ವಿದ್ಯಾರ್ಥಿಯದು. ಶಸ್ತ್ರವೈದ್ಯನಾಗಲು ಹುಟ್ಟಿನಿಂದಲೇ ವರ ಬೇಕು ಎಂದು ತಿಳಿದ ಹುಡುಗಿ ತನಗೆ ಆ ವರವಿಲ್ಲವೆಂದು ಹಿಂದೆ ಸರಿಯುತ್ತಾಳೆ. ಎರಡನೆಯದು ಸಮಾಜದ್ದು. ಚಿತ್ರಮಂದಿರದ ನೋಡುಗರೇ ನಾಳೆ ಆಸ್ಪತ್ರೆಯ ಹಜಾರದಲ್ಲಿ ಕಾಯುವ ಬಂಧುಗಳು. ಪವಾಡವನ್ನೇ ನಿರೀಕ್ಷಿಸಿದವರಿಗೆ ರೋಗಿಯ ಸಾವು ಮೋಸದಂತೆ ಕಾಣುತ್ತದೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹಲ್ಲೆಗೆ ಹಲವು ಕಾರಣಗಳಿವೆ. ಆದರೆ ಶಸ್ತ್ರಕ್ರಿಯೆಯಲ್ಲಿ ಸೋಲೂ ಉಂಟು ಎಂಬುದನ್ನು ಯಾವ ಚಿತ್ರವೂ ಹೇಳಿಕೊಡದಿದ್ದರೆ ಜನ ಅದನ್ನು ಕಲಿಯುವುದಾದರೂ ಎಲ್ಲಿ?

ಹಾಗೆಂದು ಇಂಥ ಚಿತ್ರಗಳನ್ನು ತೋರಿಸಬಾರದೆ? ಖಂಡಿತ ತೋರಿಸಬೇಕು. ಶಾಂತಾರಾಂ ಚಿತ್ರ ಮಾಡದಿದ್ದರೆ ಸೊಲ್ಲಾಪುರದ ಈ ವೈದ್ಯರ ಹೆಸರು ಭಾರತದಲ್ಲಿ ಇಷ್ಟು ಮನೆಗಳಿಗೆ ತಲುಪುತ್ತಿರಲಿಲ್ಲ. ಕಣ್ಣು ತೇವವಾಗುವುದೂ ತಪ್ಪಲ್ಲ. ಕುತೂಹಲ ಎಷ್ಟೋ ಸಲ ಅಲ್ಲಿಂದಲೇ ಹೊರಡುತ್ತದೆ. ಆದರೆ ಪ್ರತಿಕ್ರಿಯೆ ಅಲ್ಲಿಗೇ ನಿಲ್ಲಬಾರದು. ಅಲ್ಲಿಂದ ಮುಂದಕ್ಕೆ ಕರೆದೊಯ್ಯುವುದು ಶಿಕ್ಷಕರ ಕೆಲಸ.

ಶಿಕ್ಷಕರೇ, ಚಿತ್ರ ಮುಗಿದ ಮೇಲೆ ‘ಇದರಿಂದ ಏನು ನೀತಿ ಕಲಿತಿರಿ?’ ಎಂದು ಕೇಳುವುದನ್ನು ಒಮ್ಮೆ ಬಿಟ್ಟು ನೋಡಿ. ಬದಲಿಗೆ ಮೂರು ಪ್ರಶ್ನೆ ಹಾಕಿ. ಒಂದು, ತೆರೆಯ ಮೇಲೆ ಕಂಡದ್ದರಲ್ಲಿ ಆ ಇಸವಿಯಲ್ಲಿ ಸಾಧ್ಯವಿದ್ದದ್ದು ಎಷ್ಟು? ಮದ್ದುಗಳ ಕಾಲಸೂಚಿಯನ್ನು ಮಕ್ಕಳೇ ತಯಾರಿಸಲಿ. ಎರಡು, ನಾಯಕನ ಸುತ್ತ ಇದ್ದವರು ಯಾರು? ಅರಿವಳಿಕೆ ಕೊಟ್ಟವರು, ಉಪಕರಣ ಕುದಿಸಿದವರು, ರಕ್ತ ಕೊಟ್ಟವರು, ರಾತ್ರಿ ಕಾದ ದಾದಿ. ಮೂರು, ಚಿತ್ರ ಮುಗಿದ ಮರುದಿನ ರೋಗಿಗೆ ಏನಾಯಿತು?

ಹಲಕುಂದಿಯ ಮಕ್ಕಳಿಗೆ ಇದು ದೂರದ ವಿಷಯವಲ್ಲ. ಪಕ್ಕದ ಬಳ್ಳಾರಿಯಲ್ಲಿ 1961ರಲ್ಲೇ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎನಿಸಿಕೊಂಡಿತು. ಜೀನ್ಸ್ ಹೊಲಿಗೆಗೂ ಬಳ್ಳಾರಿ ಹೆಸರಾದ ಊರು. ದಪ್ಪ ಬಟ್ಟೆಯ ಮೇಲೆ ನೇರ ಹೊಲಿಗೆ ಬರಲು ಕೈ ಎಷ್ಟು ದಿನ ಪಳಗಬೇಕು ಎಂಬುದು ಅಲ್ಲಿನ ಮನೆಮನೆಗೆ ಗೊತ್ತು. ಶಸ್ತ್ರವೈದ್ಯನ ಕೈಯೂ ಹಾಗೆಯೇ ಪಳಗುವುದು: ನೋಡಿ, ಮಾಡಿ, ತಪ್ಪು ತಿದ್ದಿಸಿಕೊಂಡು, ಮತ್ತೆ ಮಾಡಿ. ಕೋಟ್ನಿಸ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದ್ದೂ ಇದನ್ನೇ. ಅವರು ಪ್ಲೇಗಿಗೆ ಮದ್ದು ಕಂಡುಹಿಡಿಯಲಿಲ್ಲ. ಅವರ ಕೈಯಲ್ಲಿ ಪಾಠ ಕಲಿತವರು ಅವರ ನಂತರವೂ ಗಾಯಗಳನ್ನು ಹೊಲಿದರು. ಮುಂದಿನ ಬಾರಿ ಚಿತ್ರ ತೋರಿಸುವಾಗ, ಚಪ್ಪಾಳೆ ನಿಂತ ಮೇಲೆ ಮಕ್ಕಳಿಗೆ ಇದನ್ನೂ ಹೇಳಿ.