ಎರೆಭೂತದ ಚಿತ್ರ: ಛಾಯಾಚಿತ್ರವೂ ತೈಲವರ್ಣವೂ

ಹಕ್ಕಿಯನ್ನು ಕಣ್ಣಾರೆ ಕಾಣದೆ, ಅದರ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ಬರೆಯುವ ಪದ್ಧತಿಯು ಈಗ ಬಹುಮಟ್ಟಿಗೆ ರೂಢವಾಗಿದೆ. ಇದು ಕಲೆಯೇ ಅಲ್ಲವೆಂದು ಕೆಲವರು ತಳ್ಳಿಹಾಕುವರು. ಯಂತ್ರದ ಸಾಕ್ಷ್ಯವಿರುವುದರಿಂದ ಇದಕ್ಕಿಂತ ನಂಬತಕ್ಕ ಚಿತ್ರವಿಲ್ಲವೆಂದು ಮತ್ತೆ ಕೆಲವರು ಸಾಧಿಸುವರು. ಎರಡು ಪಕ್ಷದವರೂ ಸಾಮಾನ್ಯವಾದ ಮಾತಿನಲ್ಲಿಯೇ ನಿಲ್ಲುವುದರಿಂದ ತೀರ್ಮಾನವು ದೊರೆಯುವುದಿಲ್ಲ. ಗೊತ್ತಾದ ಒಂದು ಹಕ್ಕಿಯನ್ನೂ ಅದರ ನೆಲವನ್ನೂ ಹಿಡಿದು ವಿಚಾರಮಾಡಿದರೆ ಈ ಪದ್ಧತಿಯ ಗುಣವೆಷ್ಟು, ದೋಷವೆಷ್ಟು ಎಂಬುದು ತಿಳಿದುಬರುವುದು. ಅಂತಹ ವಿಚಾರಕ್ಕೆ ಬಳ್ಳಾರಿ ಸೀಮೆಯ ಎರೆಭೂತಕ್ಕಿಂತ ತಕ್ಕ ಹಕ್ಕಿ ಬೇರೊಂದಿಲ್ಲ.

ಹಚ್ಚೊಳ್ಳಿಯನ್ನೊಳಗೊಂಡ ಸಿರುಗುಪ್ಪ ತಾಲ್ಲೂಕು ವಿಸ್ತಾರವಾದ ಎರೆಯ ಬಯಲು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ ಕಾಲುವೆಯ ನೀರು ಹರಿದಮೇಲೆ ಈ ತಾಲ್ಲೂಕಿನಲ್ಲಿ ಬತ್ತದ ಗದ್ದೆಗಳು ಹರಡಿದುವು. ನೀರು ಏರದೆಡೆಯಲ್ಲಿ ಜೋಳ, ಕಡಲೆ, ಹತ್ತಿಗಳ ಬೆದ್ದಲು ಹೊಲಗಳು ಉಳಿದುಕೊಂಡುವು. ಎರೆಭೂತವು ಇಂತಹ ಬೆದ್ದಲಿನ ಹಕ್ಕಿ. ಎರ್ಲಡ್ಡು, ಹೆಬ್ಬಕ ಎಂಬ ಹೆಸರುಗಳೂ ಇದಕ್ಕುಂಟು. ಪ್ರಪಂಚದಲ್ಲೆಲ್ಲ ಉಳಿದಿರುವುದು ನೂರೈವತ್ತರ ಆಸುಪಾಸು, ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ರಾಣಿಬೆನ್ನೂರಿನ ಬಯಲಿನಲ್ಲಿ ಹಿಂದೆ ಇದು ಪ್ರಸಿದ್ಧವಾಗಿದ್ದಿತು. ಈ ಶತಮಾನದಲ್ಲಿ ಸಿರುಗುಪ್ಪದ ಹೊಲಗಳೇ ನಾಡಿನಲ್ಲಿ ಇದರ ಮುಖ್ಯವಾದ ಆಸರೆಯಾಗಿವೆ. 2011ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯು ಇದನ್ನು ಅತ್ಯಂತ ಅಪಾಯಕ್ಕೀಡಾದ ಜೀವಿಗಳ ವರ್ಗಕ್ಕೆ ಸೇರಿಸಿತು.

ಇಂತಹ ಹಕ್ಕಿಯನ್ನು ಬರೆಯುವ ಚಿತ್ರಕಾರನ ಹೊಣೆ ಸಾಮಾನ್ಯವಾದುದಲ್ಲ. ನವಿಲಿನ ಚಿತ್ರದಲ್ಲಿ ತಪ್ಪಿದ್ದರೆ ನೋಡುವವನೇ ತಿದ್ದಿಕೊಳ್ಳುವನು. ಅವನು ನವಿಲನ್ನು ಬಲ್ಲನು. ಎರೆಭೂತದ ಚಿತ್ರದಲ್ಲಿ ತಪ್ಪಿದ್ದರೆ ಅದನ್ನು ತಿದ್ದತಕ್ಕ ಕಣ್ಣುಗಳು ಕೆಲವೇ. ಮುಂದೆ ಹಕ್ಕಿಯೇ ಇಲ್ಲವಾದರೆ ಚಿತ್ರದ ತಪ್ಪೇ ಹಕ್ಕಿಯ ಸ್ವರೂಪವಾಗಿ ನಿಲ್ಲುವುದು. ರಾಷ್ಟ್ರಪಕ್ಷಿಯ ಪಟ್ಟಕ್ಕೆ ಎರೆಭೂತವೇ ಯೋಗ್ಯವೆಂದು ಸಲೀಂ ಅಲಿಯವರು ವಾದಿಸಿದ್ದರು. 1963ರಲ್ಲಿ ಆ ಪಟ್ಟವು ನವಿಲಿಗೆ ಸಂದಿತು. ಚಿತ್ರಕಲೆಯ ದೃಷ್ಟಿಯಿಂದಲೂ ಇವೆರಡಕ್ಕೆ ದೊಡ್ಡ ಅಂತರವುಂಟು. ನವಿಲು ನೆಲವಿಲ್ಲದೆಯೂ ನವಿಲಾಗಿ ಕಾಣುವುದು. ಎರೆಭೂತವನ್ನು ಅದರ ನೆಲದಿಂದ ಕಿತ್ತರೆ ಉಳಿಯುವುದು ಉದ್ದ ಕತ್ತಿನ ಒಂದು ಕಂದು ಹಕ್ಕಿ ಮಾತ್ರ.

ಸಾದೃಶ್ಯದ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಗಳ ಭೇದಗಳನ್ನು ಹೇಳುವಾಗ, ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವ ಚಿತ್ರವನ್ನು ವಿದ್ಧಚಿತ್ರವೆಂದು ಕರೆದಿದ್ದಾನೆ. ಭಾವಚಿತ್ರ, ರಸಚಿತ್ರಗಳನ್ನು ಅದರಿಂದ ಬೇರೆಮಾಡಿ ಎಣಿಸಿದ್ದಾನೆ. ಛಾಯಾಚಿತ್ರವೇ ವಿದ್ಧಚಿತ್ರದ ಪರಮಾವಧಿಯೆಂದು ಇಂದಿನವರಿಗೆ ತೋರುವುದು ಸಹಜ. ಆದರೆ ಕನ್ನಡಿಯು ತನ್ನ ಮುಂದಿರುವುದನ್ನೆಲ್ಲ ಒಂದೇ ಸಮನಾಗಿ ತೋರುತ್ತದೆ. ದೂರದ ಹಕ್ಕಿಯತ್ತ ತಿರುಗಿಸಿದ ಮಸೂರವು ಹಾಗಲ್ಲ. ಅದು ಒಂದನ್ನು ಆಯ್ದು ಉಳಿದುದನ್ನು ಬಿಡುತ್ತದೆ. ಈ ವ್ಯತ್ಯಾಸವನ್ನು ಮರೆತಲ್ಲಿಯೇ ದೋಷಗಳ ಮೂಲವಿದೆ.

ಛಾಯಾಚಿತ್ರಕ್ಕಿಂತ ಮೊದಲು ಚಿತ್ರಕಾರರಿಗೆ ಒದಗುತ್ತಿದ್ದ ಆಧಾರವು ಹಕ್ಕಿಯ ಚರ್ಮ. 1831ರ ಸುಮಾರಿನಲ್ಲಿ ಲಂಡನ್ನಿನಲ್ಲಿ ಜಾನ್ ಗೌಲ್ಡರು ಪ್ರಕಟಿಸಿದ ಹಿಮಾಲಯದ ನೂರು ಪಕ್ಷಿಗಳ ಸಂಪುಟದಲ್ಲಿ ಈ ಹಕ್ಕಿಯ ಚಿತ್ರವಿದೆ. ಸಂಪುಟದ ಚಿತ್ರಗಳನ್ನು ಕಲ್ಲಚ್ಚಿಗೆ ಬರೆದವರು ಅವರ ಪತ್ನಿ ಎಲಿಜಬೆತ್ ಗೌಲ್ಡ್. ಕೈಗೆ ಬಂದ ಚರ್ಮಗಳೇ ಅವರಿಗೆ ಆಧಾರ. ಬಯಲುಸೀಮೆಯ ಹಕ್ಕಿಯು ಹಿಮಾಲಯದ ಹಕ್ಕಿಗಳ ಸಾಲಿಗೆ ಸೇರಿದುದು ಗಮನಿಸತಕ್ಕ ವಿಷಯ. ಗರಿಯ ಬಣ್ಣವನ್ನು ಚರ್ಮವು ತಿಳಿಸಬಲ್ಲುದಾಗಿತ್ತು, ಊರನ್ನು ತಿಳಿಸಲಾರದು. ಮುಂದೆ 1879ರಿಂದ 1881ರ ವರೆಗೆ ಹ್ಯೂಮ್ ಮತ್ತು ಮಾರ್ಷಲ್ ಸಾಹೇಬರು ಭಾರತದ ಬೇಟೆಹಕ್ಕಿಗಳ ಮೇಲೆ ಮೂರು ಸಂಪುಟಗಳನ್ನು ಹೊರಡಿಸಿದರು. ಕೆಲವು ಚಿತ್ರಕಾರರು ಎಚ್ಚರತಪ್ಪಿದರೆಂದೂ, ಕೆಲವರು ಅಂದಕ್ಕಾಗಿ ನಿಷ್ಕೃಷ್ಟತೆಯನ್ನು ಬಿಟ್ಟುಕೊಟ್ಟರೆಂದೂ ಹ್ಯೂಮ್ ಸಾಹೇಬರೇ ಅದರಲ್ಲಿ ಬರೆದುಕೊಂಡಿದ್ದಾರೆ. ಆಧಾರವು ಸಾಲದೆ ಬರುವ ದೋಷವೊಂದು, ಆಧಾರವಿದ್ದೂ ಅಂದದ ಆಸೆಯಿಂದ ಬರುವ ದೋಷವೊಂದು. ಇಂದಿನ ತೈಲಚಿತ್ರಗಳಲ್ಲಿಯೂ ಇವೆರಡೇ ದೋಷಗಳು ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ.

ಹಾಗಾದರೆ ಛಾಯಾಚಿತ್ರವನ್ನು ಬಿಟ್ಟು ಹೊಲಕ್ಕೆ ಹೋಗಿ ಹಕ್ಕಿಯ ಮುಂದೆ ಕುಳಿತು ಬರೆಯಬೇಕೆನ್ನಬಹುದೆ? ಈ ಹಕ್ಕಿಯ ವಿಷಯದಲ್ಲಿ ಹಾಗೆನ್ನುವುದು ಅವಿವೇಕ. ಹೆಣ್ಣು ಗೂಡು ಕಟ್ಟದೆ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಅದರ ಬಳಿ ಜನ ಸುಳಿದಾಡಿದರೆ ಆ ವರ್ಷದ ಸಂತಾನವೇ ಹೋಗಬಹುದು. ದೂರದಿಂದ ಎಚ್ಚರವಾಗಿ ತೆಗೆದ ಒಂದು ಛಾಯಾಚಿತ್ರವು ನೂರು ಚಿತ್ರಕಾರರಿಗೆ ಒದಗಬಲ್ಲುದು. ನೂರು ಜನ ಹೊಲಕ್ಕೆ ನುಗ್ಗುವುದು ತಪ್ಪುತ್ತದೆ. ಆದುದರಿಂದ ಎರೆಭೂತಕ್ಕೆ ಛಾಯಾಚಿತ್ರವನ್ನು ಆಧರಿಸುವುದು ಕೇವಲ ಸೌಕರ್ಯವಲ್ಲ, ಧರ್ಮವೆಂದೇ ಹೇಳಬೇಕು. ವಿಚಾರಮಾಡತಕ್ಕದ್ದು ಅದನ್ನು ಯಾವ ಮಟ್ಟಿಗೆ ನಂಬಬೇಕೆಂಬುದನ್ನು ಮಾತ್ರ.

ಮೊದಲನೆಯದು ಪ್ರಮಾಣ. ಗಂಡುಹಕ್ಕಿಯು ಸುಮಾರು 1 ಮೀಟರ್ ಎತ್ತರ ನಿಲ್ಲುವುದು. ತೂಕ 8ರಿಂದ 15 ಕಿಲೋಗ್ರಾಂ. ಹೆಣ್ಣಿನ ತೂಕ ಇದರ ಅರ್ಧದಷ್ಟೇ. ದೂರದ ಮಸೂರದಲ್ಲಿ ಹಿಂದುಮುಂದಿನ ಅಂತರಗಳು ಅಡಕವಾಗುವುದರಿಂದ ಈ ಗಾತ್ರವು ತಿಳಿಯುವುದಿಲ್ಲ; ಪಟದ ಮೇಲೆ ಹಕ್ಕಿಯು ಕೋಳಿಯಷ್ಟೇ ಆಗಿ ಕಾಣುವ ಅಪಾಯವಿದೆ. ಗಾತ್ರವನ್ನು ತಿಳಿಸಬಲ್ಲುದು ಪಕ್ಕದ ಬೆಳೆ. ಕಡಲೆಯ ಗಿಡವು ಈ ಹಕ್ಕಿಯ ಕಾಲುಗಳನ್ನು ಮರೆಮಾಡೀತು. ಎತ್ತರ ಬೆಳೆದ ಬಿಳಿಜೋಳವು ಹಕ್ಕಿಯನ್ನೇ ನುಂಗೀತು. ಇದನ್ನರಿಯದ ಚಿತ್ರಕಾರನು ಗುರುತಿಲ್ಲದ ಹಸುರು ಹುಲ್ಲನ್ನು ತುಂಬಿ ಕೈತೊಳೆದುಕೊಳ್ಳುವನು.

ಎರಡನೆಯದು ಛಾಯೆ. ಕರಿಯ ನೆತ್ತಿ, ಬಿಳಿಯ ಕತ್ತು, ಗಂಡಿನ ಎದೆಗೆ ಅಡ್ಡಲಾದ ಕಪ್ಪು ಪಟ್ಟಿ, ನವುರಾದ ಕಪ್ಪುಗೆರೆಗಳು ಹೆಣೆದ ಕಂದು ಬೆನ್ನು, ಇವು ಹಕ್ಕಿಯ ಲಕ್ಷಣಗಳು. ಉರಿಬಿಸಿಲಿನಲ್ಲಿ ಯಂತ್ರವನ್ನು ಕತ್ತಿಗೆ ಹೊಂದಿಸಿದರೆ ನೆತ್ತಿಯು ಇದ್ದಲಿನ ತುಂಡಾಗುತ್ತದೆ. ನೆತ್ತಿಗೆ ಹೊಂದಿಸಿದರೆ ಕತ್ತು ಬರಿಯ ಕಾಗದವಾಗುತ್ತದೆ. ಬೆನ್ನಿನ ಗೆರೆಗಳು ಕಲೆತು ಒಂದೇ ಕಂದಾಗುತ್ತವೆ. ಇವನ್ನು ಹಾಗೆಯೇ ನಕಲುಮಾಡಿದವನು ಬರೆಯುವುದು ಹಕ್ಕಿಯನ್ನಲ್ಲ, ಯಂತ್ರದ ಮಿತಿಯನ್ನು. ಒಂದೇ ಛಾಯಾಚಿತ್ರಕ್ಕೆ ಅಂಟಿಕೊಳ್ಳದೆ ಹಲವನ್ನು ಹೋಲಿಸಿ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯಂತಹ ಸಂಸ್ಥೆಗಳು ಕಾಪಾಡಿರುವ ಚರ್ಮಗಳನ್ನು ನೋಡಿದರೆ ಈ ದೋಷವು ತೀರುವುದು.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ನೆಲ. ಈಗ ಉಳಿದಿರುವ ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. ಆದುದರಿಂದ ಸುಲಭವಾಗಿ ಸಿಕ್ಕುವ ಛಾಯಾಚಿತ್ರಗಳೂ ಆ ಕಡೆಯವೇ. ಅಲ್ಲಿಯ ನೆಲ ನಸುಹಳದಿ ಮರಳು. ಅದನ್ನು ನೋಡಿ ಬರೆದ ಚಿತ್ರಕ್ಕೆ ಬಳ್ಳಾರಿಯ ಎರೆಭೂತವೆಂದು ಹೆಸರಿಟ್ಟರೆ ಹೆಸರೇ ಚಿತ್ರವನ್ನು ಸುಳ್ಳೆನ್ನುವುದು. ಎರೆಯೆಂದರೆ ಕರಿಯ ಮಣ್ಣು. ಅದು ಮಳೆಯಲ್ಲಿ ನೆನೆದಾಗ ಕಡುಗಪ್ಪು, ಒಣಗಿದಾಗ ಬೂದಿ ಬೆರೆತ ಕಪ್ಪು, ಬೇಸಗೆಯಲ್ಲಿ ಬಿರುಕುಬಿಟ್ಟ ಹೆಂಟೆ. ಗಂಡು ಗಂಟಲಚೀಲವನ್ನು ಉಬ್ಬಿಸಿ, ಬಾಲವನ್ನೆತ್ತಿ, ಗಂಭೀರವಾದ ದನಿಗೈಯುವುದು ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ. ಆ ಭಂಗಿಯನ್ನು ಬೇಸಗೆಯ ಬಿರುಕಿನ ಮೇಲೆ ನಿಲ್ಲಿಸಿದರೆ ಋತುವೇ ತಪ್ಪಿದಂತಾಗುವುದು.

ನೆಲವು ಸರಿಯಾಗಿದ್ದರೂ ಇನ್ನೊಂದು ತೊಡಕುಂಟು. ದೂರದ ಮಸೂರವು ಹಿನ್ನೆಲೆಯನ್ನು ಮಸಕುಮಾಡಿ, ಹಕ್ಕಿಯನ್ನು ಪರದೆಯ ಮುಂದಿನ ಪಾತ್ರದಂತೆ ಎತ್ತಿ ತೋರುತ್ತದೆ. ಇದು ಹಕ್ಕಿಯ ಸ್ವಭಾವಕ್ಕೆ ನೇರವಾಗಿ ವಿರುದ್ಧ. ಕಂಡಿತೆನ್ನುವಷ್ಟರಲ್ಲಿ ಮಣ್ಣಿನೊಳಗೆ ಕರಗಿಹೋಗುವ ಹಕ್ಕಿಗೆ ಎರೆಭೂತವೆಂಬ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಚಿತ್ರವು ಆ ಹೆಸರಿಗೆ ತಕ್ಕುದಾಗಬೇಕು. ಇಲ್ಲಿ ಎಣ್ಣೆಬಣ್ಣದ ಗುಣವು ಸಹಾಯಕ್ಕೆ ಬರುತ್ತದೆ. ಅದು ಬೇಗ ಒಣಗದಿರುವುದರಿಂದ ಹಕ್ಕಿಯ ಅಂಚನ್ನು ಹಸಿಯಲ್ಲಿಯೇ ನೆಲದೊಡನೆ ಬೆರಸಬಹುದು. ಕಂದುಮಣ್ಣಿನ ಬಣ್ಣದಿಂದ ಮೊದಲು ನೆಲವನ್ನು ಹಾಸಿ, ಅದೇ ಬಣ್ಣಗಳಿಂದ ಬೆನ್ನನ್ನು ಮೂಡಿಸಿ, ಕೊನೆಯಲ್ಲಿ ಮಾತ್ರ ಕತ್ತಿನ ಬಿಳುಪನ್ನು ದಪ್ಪವಾಗಿ ಇಟ್ಟರೆ, ಮೊದಲು ಕತ್ತು, ಆಮೇಲೆ ಮೈ ಎಂಬ ಕ್ರಮದಲ್ಲಿ ಹಕ್ಕಿಯು ಕಣ್ಣಿಗೆ ಗೋಚರವಾಗುವುದು. ಸ್ವೀಡನ್ನಿನ ಬ್ರೂನೊ ಲಿಲ್ಯೆಫೋರ್ಸರು (1860–1939) ಛಾಯಾಚಿತ್ರಗಳ ನೆರವನ್ನು ಪಡೆದವರೇ. ಆದರೂ ಅವರ ತೈಲಚಿತ್ರಗಳಲ್ಲಿ ಪ್ರಾಣಿಪಕ್ಷಿಗಳು ತಮ್ಮ ನೆಲದಲ್ಲಿ ಅಡಗಿರುವಂತೆಯೇ ತೋರುತ್ತವೆ. ಹೊರಾಂಗಣದಲ್ಲಿ ನೆಲವನ್ನು ಬಲ್ಲ ಕಣ್ಣು ಅವರದು.

ಛಾಯಾಚಿತ್ರವೂ ಒಬ್ಬನ ಕೃತಿಯೆಂಬುದನ್ನು ಮರೆಯಬಾರದು. ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ಎಂ. ವೈ. ಘೋರ್ಪಡೆಯವರು (1931–2011) ತಮ್ಮ ವನ್ಯಜೀವಿ ಛಾಯಾಚಿತ್ರಗಳ ಗ್ರಂಥಕ್ಕೆ ಬಿಸಿಲು ನೆರಳುಗಳ ಹೆಸರನ್ನೇ ಕೊಟ್ಟು 1983ರಲ್ಲಿ ಪ್ರಕಟಿಸಿದರು. ಯಾವ ಬೆಳಕಿನಲ್ಲಿ, ಯಾವ ಕ್ಷಣದಲ್ಲಿ ಎಂಬ ಆಯ್ಕೆಯು ಛಾಯಾಗ್ರಾಹಕನದು. ಅದನ್ನು ಬಳಸುವ ಚಿತ್ರಕಾರನು ಅನುಮತಿಯನ್ನು ಪಡೆದು ಹೆಸರನ್ನು ಹೇಳತಕ್ಕದ್ದು. ಹೇಳದಿದ್ದರೆ ಇನ್ನೊಬ್ಬನ ವಿವೇಚನೆಯನ್ನು ತನ್ನದೆಂದು ತೋರಿಸಿದಂತಾಗುವುದು.

ಕೊನೆಗೆ, ಬಿಡತಕ್ಕದ್ದನ್ನು ಕುರಿತು ಒಂದು ಮಾತು. ನೇರ ಮುಂದಕ್ಕೆ ಈ ಹಕ್ಕಿಯ ದೃಷ್ಟಿ ಚೆನ್ನಾಗಿ ಸಾಗದು; ವಿದ್ಯುತ್ತಿನ ತಂತಿಗಳಿಗೆ ಬಡಿದು ಸಾಯುವುದು ಇದರ ನಾಶದ ಮುಖ್ಯಕಾರಣಗಳಲ್ಲೊಂದು. ರಾಜಸ್ಥಾನ, ಗುಜರಾತುಗಳ ತಂತಿಗಳ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಆಜ್ಞೆಯನ್ನೇ ಹೊರಡಿಸಬೇಕಾಯಿತು. ಛಾಯಾಚಿತ್ರದಲ್ಲಿ ಬಿದ್ದ ತಂತಿಯನ್ನು ಕುಂಚವು ಸುಲಭವಾಗಿ ಅಳಿಸಬಲ್ಲುದು. ಜಾತಿಯ ಲಕ್ಷಣವನ್ನು ತೋರುವ ಚಿತ್ರದಲ್ಲಿ ಹಾಗೆ ಮಾಡಿದರೆ ತಪ್ಪಿಲ್ಲ. ಆದರೆ ಇಂದಿನ ಬಯಲಿನ ಚಿತ್ರವೆಂದು ಹೇಳಿ ತಂತಿಯನ್ನು ಅಳಿಸಿದರೆ, ಹ್ಯೂಮ್ ಸಾಹೇಬರು ದೂರಿದ ದೋಷವೇ ಮರಳಿ ಬಂದಂತಾಯಿತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಹಕ್ಕಿಯನ್ನು ಛಾಯಾಚಿತ್ರದಿಂದಲೂ ನೆಲವನ್ನು ಸ್ವಂತ ಕಣ್ಣಿನಿಂದಲೂ ಪಡೆಯತಕ್ಕದ್ದು. ಹಕ್ಕಿಯ ಬಳಿಗೆ ಹೋಗದಿರುವುದು ಎಷ್ಟು ಅವಶ್ಯವೋ ನೆಲದ ಬಳಿಗೆ ಹೋಗುವುದು ಅಷ್ಟೇ ಅವಶ್ಯ. ಹಚ್ಚೊಳ್ಳಿಯ ದಾರಿಯಲ್ಲಿ ನಿಂತು ಎರೆಯ ಕಪ್ಪನ್ನೂ ಕಡಲೆಯ ಎತ್ತರವನ್ನೂ ಅಭ್ಯಾಸಮಾಡುವುದರಿಂದ ಯಾವ ಹಕ್ಕಿಯ ಮೊಟ್ಟೆಗೂ ಕೇಡಿಲ್ಲ. ಈ ಅಭ್ಯಾಸವಿಲ್ಲದ ತೈಲಚಿತ್ರವು ಎಷ್ಟೇ ನಯವಾಗಿದ್ದರೂ ಛಾಯಾಚಿತ್ರದ ದುಬಾರಿಯಾದ ನಕಲು. ಅಭ್ಯಾಸವುಳ್ಳದ್ದು, ಛಾಯಾಚಿತ್ರಕ್ಕೆ ಋಣಿಯಾಗಿದ್ದರೂ, ಸೋಮೇಶ್ವರನು ಹೇಳಿದ ವಿದ್ಧಚಿತ್ರವೆಂಬ ಹೆಸರಿಗೆ ಯೋಗ್ಯವಾದುದು.